ಗಂಡಸರ ನವಣೆ ರೊಟ್ಟಿ

ಜುಲೈ 19, ಶನಿವಾರ

ಬಿ.ಪಿ. ಬೆಳಿಗ್ಗೆ 158/94. ಸಂಜೆ 166/98.

ಆರೋಗ್ಯ ಕೇಂದ್ರದ ನರ್ಸಮ್ಮ ಈ ಪುಸ್ತಕ ಕೊಟ್ಟು, ದಿನಾ ಎರಡು ಸಲ ಅಂಕಿ ಬರೆಯಿರಿ, ಜಾಸ್ತಿಯಾದ ದಿನ ಕಾರಣವನ್ನೂ ಬರೆಯಿರಿ ಎಂದಿದ್ದಾಳೆ. ಕಾರಣ ಬರೆಯಲು ಒಂದು ಬೆರಳಗಲ ಜಾಗ ಬಿಟ್ಟಿದ್ದಾರೆ. ನನ್ನ ಕಾರಣ ತೊಂಬತ್ತು ಕಿಲೋ ತೂಗುತ್ತದೆ, ಅಷ್ಟರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ತೋರಿಸುವ ಮುಂಚೆ ಹರಿದು ಒಲೆಗೆ ಹಾಕಿದರಾಯಿತು.

ಇವತ್ತು ಪಾಚಾಕೆ ಬಂದಿದ್ದ. ತೀರಿಕೊಂಡ ನನ್ನ ಗಂಡ ಲೆಗೆಯಾಯನ ತಮ್ಮ. ಅಂಗಳದ ಚಪ್ಪಡಿಯ ಮೇಲೆ ಕೂತು, ಅಡಿಕೆ ಜಗಿದು, ನನ್ನ ಶುಂಠಿ ಗಿಡದ ಬುಡಕ್ಕೆ ಉಗಿದು, ಆಮೇಲೆ ವಿಷಯಕ್ಕೆ ಬಂದ. ಸುಗ್ಗಿ ಹಬ್ಬಕ್ಕೆ ಇನ್ನು ನಾಲ್ಕು ವಾರ. ಅಣ್ಣ ಹೋದಮೇಲೆ ಎರಡು ವರ್ಷದಿಂದ ನಮ್ಮ ಮನೆಯ ನವಣೆ ರೊಟ್ಟಿ ಮೇಲಿನ ಕಲ್ಲಂಗಳದಲ್ಲಿ ಬೆಂದಿಲ್ಲ. ಮೂರನೆಯ ವರ್ಷವೂ ಬೇಯದಿದ್ದರೆ ಮನೆಯ ಹೆಸರು ಕೂಗುವುದು ನಿಲ್ಲುತ್ತದೆ. ಅದಕ್ಕೆ ಅವನ ಎರಡನೆಯ ಮಗ ನಮ್ಮ ಹೆಸರಿನಲ್ಲಿ ಸುಡುತ್ತಾನಂತೆ.

"ಹೆಸರು ಉಳ್ಕೊಳ್ಳುತ್ತೆ ಅತ್ತಿಗೆ, ನಿಮಗೇನು ಹೋಗುತ್ತೆ?" ಎಂದ.

ಏನು ಹೋಗುತ್ತದೆಂದು ನನಗೆ ಗೊತ್ತು. ಮನೆಯ ಹೆಸರಿನಲ್ಲಿ ರೊಟ್ಟಿ ಸುಟ್ಟವನ ಹಿಂದೆ ಹೆಸರು ಹೋಗುತ್ತದೆ, ಹೆಸರಿನ ಹಿಂದೆ ಮನೆತನದ ಹಳೆಯ ಹಂಡೆ ಹೋಗುತ್ತದೆ, ಹಂಡೆಯ ಹಿಂದೆ ಬಾಗಿಲು. ಗಂಡುಮಕ್ಕಳಿಲ್ಲದ ಕಾರಣ ಕಾರಿಮಾಲಾನೆ ಎಂಬ ಹೆಸರಿನ ಈ ಮನೆ ನನ್ನ ಮಗಳು ಎಲೆಂಗೆಗೆ ಸೇರಿದ್ದು, ಅದು ನಮ್ಮವರ ಕಟ್ಟಳೆ. ಆದರೆ ಆ ರೊಟ್ಟಿ ಮಾತ್ರ ಗಂಡಸು ಸುಡಬೇಕು. ಹೆಂಗಸು ಕಣ್ಣಿಂದ ನೋಡಲೂ ಕೂಡದು, ತಿನ್ನಲೂ ಕೂಡದು.

ನಮ್ಮ ಮನೆಯಲ್ಲಿರುವ ಒಬ್ಬನೇ ಗಂಡಸು ಎಲೆಂಗೆಯ ಗಂಡ, ಆ ತೊಂಬತ್ತು ಕಿಲೋದವನು. ನಮ್ಮ ಬೆಟ್ಟದವನಲ್ಲ, ಬಯಲಿನ ಹಕ್ಕಾ ಎಂಬ ಜನದವನು. ಸೇತುವೆಯ ಹತ್ತಿರ ಸ್ಕೂಟರ್ ರಿಪೇರಿ ಅಂಗಡಿ. ಮನೆಯಳಿಯನಾಗಿ ಬಂದು ಮೂರು ವರ್ಷವಾಯಿತು. ಬರುತ್ತಾನೆ, ತಿನ್ನುತ್ತಾನೆ, ಟಿ.ವಿ. ಮುಂದೆ ನಿದ್ದೆ ಹೋಗುತ್ತಾನೆ. ಆ ಮನುಷ್ಯನ ಹೆಸರು ಬರೆದರೆ ಇನ್ನೂ ಎರಡು ಅಂಕಿ ಏರುತ್ತದೆ.

"ನಮ್ಮನೆ ರೊಟ್ಟಿ ನಮ್ಮನೆ ಗಂಡಸೇ ಸುಡ್ತಾನೆ" ಎಂದುಬಿಟ್ಟೆ.

ಪಾಚಾಕೆ ಬಾಗಿಲಿನಿಂದ ಒಳಗೆ ಇಣುಕಿದ. ಆ ಮನುಷ್ಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಪಾಚಾಕೆಗೆ ನಗು ಬಂದು ಅಡಿಕೆ ನೆತ್ತಿಗೇರಿತು. ನನ್ನ ಮನೆಯಲ್ಲದಿದ್ದರೆ ನಾನೂ ನಗುತ್ತಿದ್ದೆ.

ಜುಲೈ 20, ಭಾನುವಾರ

ಚರ್ಚಿನಲ್ಲಿ ಪಾದ್ರಿಗಳು, ಮಳೆ ಕೊಡುವವನು ದೇವರು, ರೊಟ್ಟಿಯಲ್ಲ ಎಂದು ಮುಕ್ಕಾಲು ಗಂಟೆ ಹೇಳಿದರು. ಪ್ರತಿವರ್ಷ ತಮ್ಮ ಮನೆಯ ರೊಟ್ಟಿ ಸುಡಲು ಎಲ್ಲರಿಗಿಂತ ಮುಂಚೆ ಹೋಗಿ ಒಳ್ಳೆಯ ಜಾಗ ಹಿಡಿಯುವವರೂ ಇವರೇ. ಆಮೇನ್.

ಚರ್ಚು ಮುಗಿದಮೇಲೆ ಪಕ್ಕದ ಮನೆಯ ಕುಯಿಯನ್ನು ಜೊತೆಗೆ ಕರೆದುಕೊಂಡು ಲಾವಾಕಾವ್ ಅಜ್ಜನ ಬಳಿ ಹೋದೆ. ಕಲ್ಲಂಗಳದಲ್ಲಿ ರೊಟ್ಟಿ ಮುರಿದು, ಒಳಗೆ ಹಸಿಯೋ ಒಣಕಲೋ ನೋಡಿ, ಮುಂದಿನ ವರ್ಷದ ಮಳೆ ಬೆಳೆ ಹೇಳುವವನು ಅವನು. ವಯಸ್ಸು ಎಂಬತ್ತಾರು. ಬೇಕಾದ್ದಷ್ಟೇ ಕೇಳಿಸುತ್ತದೆ. ಪಾಚಾಕೆ ನನಗಿಂತ ಮುಂಚೆಯೇ ಅಲ್ಲಿ ಹಾಜರಿದ್ದ. ಬಯಲಲ್ಲಿ ಹುಟ್ಟಿದವನು, ನಮ್ಮ ಮಾತು ನೆಟ್ಟಗೆ ಬರದವನು, ಹಾವು ಕಂಡರೆ ಸ್ಟೂಲು ಹತ್ತುವವನು ಎಂದೆಲ್ಲ ಹೇಳಿದ. ಯಾವುದೂ ಸುಳ್ಳಲ್ಲ.

ಅಜ್ಜ ತನ್ನ ಕಾಲ್ಬೆರಳು ತುರಿಸಿಕೊಂಡ. "ಆ ಸೂರಿನ ಕೆಳಗೆ ಮಲಗೋ ಗಂಡಸು ಸುಡ್ಬೇಕು. ಹಿರೀಕರು ಹೇಳಿದ್ದು ಅಷ್ಟೇ. ಎಲ್ಲಿ ಹುಟ್ಟಿದ ಅಂತ ಯಾರೂ ಕೇಳಿಲ್ಲ."

ಆದರೆ ಎರಡು ಷರತ್ತು. ನಮ್ಮ ಮನೆಗೆ ಹಿಂದೆ ರೊಟ್ಟಿ ಸುಟ್ಟ ಏಳು ಗಂಡಸರ ಹೆಸರನ್ನು ತಡವರಿಸದೆ ಕೂಗಬೇಕು. ರೊಟ್ಟಿ ತಿನ್ನುವ ಹಾಗಿರಬೇಕು, ನಾಯಿಗೆ ಎಸೆಯುವಂತಾದರೆ ಮುಂದಿನ ವರ್ಷದಿಂದ ಪಾಚಾಕೆಯ ಮಗ ಸುಡುತ್ತಾನೆ.

ಮನೆಗೆ ಬಂದು ಹೇಳಿದೆ. ಆ ಮನುಷ್ಯ ಪಾತ್ರೆ ಸೋಪಿನಲ್ಲಿ ಕೈಯ ಗ್ರೀಸ್ ತಿಕ್ಕುತ್ತಿದ್ದ. "ಆಯ್ತು ಅತ್ತೆ" ಎಂದ. ಎಲ್ಲದಕ್ಕೂ ಆಯ್ತು ಅತ್ತೆ. ಕಣಿವೆಗೆ ಹಾರು ಎಂದರೂ ಚಪ್ಪಲಿ ಬಿಟ್ಟು ಆಯ್ತು ಅತ್ತೆ ಎನ್ನುತ್ತಾನೆ.

ಜುಲೈ 24, ಗುರುವಾರ

162/95.

ಸುಡುವುದು ಹೇಗೆ? ನನಗೆ ಗೊತ್ತಿಲ್ಲ. ನಲವತ್ತನಾಲ್ಕು ವರ್ಷ ನವಣೆ ಕುಟ್ಟಿದ್ದೇನೆ, ಹಿಟ್ಟು ನಾದಿದ್ದೇನೆ, ಬಾಳೆಎಲೆಯಲ್ಲಿ ಸುತ್ತಿ ಕಲ್ಲಂಗಳದ ಗೋಡೆಯ ಮೇಲಿಟ್ಟು ಬೆನ್ನು ತಿರುಗಿಸಿ ಬಂದಿದ್ದೇನೆ. ಗೋಡೆಯ ಆಚೆ ಏನಾಗುತ್ತದೆಂದು ಲೆಗೆಯಾಯ್ ಸಾಯುವವರೆಗೂ ಬಾಯಿ ಬಿಡಲಿಲ್ಲ. ಕಲಿಸಬೇಕಾದವನು ಮನೆಯ ಅಣ್ಣನೋ ತಮ್ಮನೋ, ಅಂದರೆ ಪಾಚಾಕೆ. ಕೇಳಿದ್ದಕ್ಕೆ, ಹಬ್ಬದ ದಿನ ನೋಡಿ ಕಲಿಯಲಿ ಬಿಡಿ ಎಂದ. ಬೇರೆ ಗಂಡಸರು ಇನ್ನೊಬ್ಬರ ಮನೆಯ ರೊಟ್ಟಿಗೆ ಕೈಹಾಕುವುದಿಲ್ಲ.

ಆದರೆ ನನಗೆ ಮೂಗಿದೆ. ಪ್ರತಿವರ್ಷ ಗೋಡೆಯ ಕೆಳಗೆ ನಿಂತು ಎಲ್ಲವನ್ನೂ ಮೂಸಿದ್ದೇನೆ. ಮೊದಲು ಸೌದೆ, ಆಮೇಲೆ ಕಾದ ಕಲ್ಲು, ಆಮೇಲೆ ಬಾಡಿದ ಎಲೆ, ಕೊನೆಗೆ ಒಂದು ವಾಸನೆ ಬರುತ್ತದೆ, ಹಾಲುಗೂಸಿನ ನೆತ್ತಿಯ ಹಾಗೆ ಬೆಚ್ಚನೆಯದು. ಅದು ಬಂದ ವರ್ಷ ಗಂಡ ನಗುತ್ತ ಇಳಿದು ಬರುತ್ತಿದ್ದ. ಹೆಂಗಸರು ನೋಡಬಾರದು ಎಂದು ಕಟ್ಟಳೆ ಇದೆ. ಮೂಸಬಾರದು ಎಂದು ಯಾರೂ ಹೇಳಿಲ್ಲ.

"ಹಿರೀಕರಿಗೆ ನಿನ್ನ ಮೂಗು ನೆನಪಾಗಿರ್ಲಿಲ್ಲ ಕಣೆ ಸೆಲೆಪೆ" ಎಂದಳು ಕುಯಿ.

ಜುಲೈ 28, ಸೋಮವಾರ

171/100. ಕಾರಣ: ಹಂದಿ ಕೊಬ್ಬು.

ನಮ್ಮ ಮನೆಯ ರೊಟ್ಟಿ ಸುಡುವ ಚಪ್ಪಡಿ ಪಾಚಾಕೆಯ ಹಿತ್ತಲಲ್ಲಿತ್ತು. ಅಣ್ಣನನ್ನು ಮಣ್ಣು ಮಾಡಿದ ವಾರವೇ, ಜೋಪಾನವಾಗಿ ಇಟ್ಟಿರುತ್ತೇನೆ ಎಂದು ಹೊತ್ತುಕೊಂಡು ಹೋಗಿದ್ದ. ನಾನು ಅದನ್ನು ಮುಟ್ಟುವ ಹಾಗಿಲ್ಲ, ಆ ಮನುಷ್ಯನನ್ನು ಕಳಿಸಿದೆ. ಕೆಳಕೇರಿಯಿಂದ ಒಂದು ಗಂಟೆಯ ಏರು. ಸ್ಕೂಟರಿನಲ್ಲಿ ತಂದರೆ ಕುಲುಕಿ ಸೀಳೀತು ಎಂದು ಬೆನ್ನ ಮೇಲೆ ಹೊತ್ತು ತಂದನಂತೆ. ಬೆನ್ನಿನ ಚರ್ಮ ಕಿತ್ತುಬಂದಿತ್ತು. ಅದೇನೋ ಸರಿ. ಆದರೆ ಕಲ್ಲಿನ ಮೇಲೆ ಬೆರಳು ದಪ್ಪ ಕೊಬ್ಬು ಹೆಪ್ಪುಗಟ್ಟಿದೆಯೆಂದು ಎಲೆಂಗೆಯ ಹತ್ತಿರ ಹೇಳಿದ. ನನ್ನ ಮೈದುನ ಎರಡು ವರ್ಷದಿಂದ ಅದರ ಮೇಲೆ ಹಂದಿ ಸುಟ್ಟು ತಿಂದಿದ್ದಾನೆ.

ಸಂಜೆ ಸಮಾಧಿಯ ಹತ್ತಿರ ಹೋಗಿ, ನೋಡು ನಿನ್ನ ತಮ್ಮನ ಜೋಪಾನ ಎಂದು ಹೇಳಿ ಬಂದೆ.

ಜುಲೈ 29, ಮಂಗಳವಾರ

ಯಂತ್ರವೇ ಎರರ್ ಎಂದು ತೋರಿಸಿತು.

ಆ ಮನುಷ್ಯ ಕಲ್ಲು ತೊಳೆದಿದ್ದಾನೆ. ಪೆಟ್ರೋಲಿನಲ್ಲಿ.

ಇಂಜಿನ್ ತೊಳೆಯುವ ಹಾಗೆ, ಎರಡು ಬಾಟಲಿ ಸುರಿದು, ಬ್ರಶ್ ಹಾಕಿ ತಿಕ್ಕಿದ್ದಾನೆ. "ಅತ್ತೆ, ಒಂದು ಚೂರು ಜಿಡ್ಡಿಲ್ಲ, ಬಂದು ನೋಡಿ" ಎಂದು ಕರೆದವನು, ನಾನು ನೋಡಬಾರದೆಂದು ನೆನಪಾಗಿ ಅಂಗಿ ಬಿಚ್ಚಿ ಅದರ ಮೇಲೆ ಎಸೆದ. ನೋಡುವ ಅಗತ್ಯವೇ ಇರಲಿಲ್ಲ. ಅಡುಗೆಮನೆವರೆಗೂ ಬಂಕಿನ ವಾಸನೆ. ಏಳು ತಲೆಮಾರಿನ ಗಂಡಸರು ಬೆವರು ಸುರಿಸಿದ ಕಲ್ಲು. ಎಲೆಂಗೆ ಮೊದಲು ನಕ್ಕಳು, ಆಮೇಲೆ ಅತ್ತಳು. ನಾನು ಎರಡನ್ನೂ ಮಾಡಲಿಲ್ಲ, ಉಣ್ಣದೆ ಮಲಗಿದೆ.

ಆಗಸ್ಟ್ 2, ಶನಿವಾರ

ಕಲ್ಲು ಕುಡಿದದ್ದನ್ನು ಬೆಂಕಿಯೇ ಕಕ್ಕಿಸಬೇಕು. ಬೇರೆ ದಾರಿಯಿಲ್ಲ. ಹಾಗಾಗಿ ಹಂದಿಗೂಡಿನ ಹಿಂದೆ ಅಭ್ಯಾಸ ಶುರುಮಾಡಿದೆವು. ಗೋಡೆಯ ಆ ಕಡೆ ಅವನು, ಕಲ್ಲು, ಬೆಂಕಿ. ಈ ಕಡೆ ನಾನು ಅವನಿಗೆ ಬೆನ್ನು ಮಾಡಿ, ಹಂದಿಗೆ ಮುಖ ಮಾಡಿ ಕೂತು ಆಜ್ಞೆ ಕೊಡುವುದು. ದೊಡ್ಡ ಸೇನಾಪತಿ ನಾನು.

ಬೆಂಕಿ ಹಾಕು ಎಂದೆ. ಭುಸ್ಸೆಂದಿತು. ಅವನ ಒಂದು ಹುಬ್ಬು ಹೋಯಿತು.

ರೊಟ್ಟಿಯನ್ನು ಹಂದಿಗೆ ಹಾಕಿದೆವು. ಅದು ಒಂದು ಸಲ ಮೂಸಿ, ಮೂಲೆಗೆ ಹೋಗಿ ನಮಗೆ ಬೆನ್ನು ಮಾಡಿ ಕೂತಿತು.

ಆಗಸ್ಟ್ 6, ಬುಧವಾರ

154/90.

ನಾಲ್ಕನೆಯ ರೊಟ್ಟಿ. ಹಂದಿ ಅರ್ಧ ತಿಂದಿತು.

ಹೆಸರುಗಳದ್ದೇ ಕಷ್ಟ. ಅಂಗಡಿಯಲ್ಲಿ ಒಂದೊಂದು ನಟ್ ಬಿಚ್ಚುವಾಗ ಒಂದೊಂದು ಹೆಸರು ಹೇಳಿಕೊಳ್ಳುತ್ತಾನಂತೆ. ಗಿರಾಕಿಗಳಿಗೂ ಬಾಯಿಪಾಠವಾಗಿದೆ, ಇವನಿಗೆ ಮಾತ್ರ ಐದಾದಮೇಲೆ ಮತ್ತೆ ಒಂದಕ್ಕೆ ಹೋಗುತ್ತದೆ. ಕೊನೆಗೆ ನನಗೆ ಸಾಕಾಗಿ, ಗೋಡೆಯ ಈಚೆಯಿಂದ ಒಬ್ಬೊಬ್ಬರ ಕಥೆ ಹೇಳಿದೆ. ಮೊದಲನೆಯವನು ಕಾಡುಮೇಕೆಯ ಹಿಂದೆ ಓಡಿ ಬಂಡೆಯಿಂದ ಬಿದ್ದದ್ದು, ಮೇಕೆ ನಿಂತು ನೋಡಿದ್ದು. ಮೂರನೆಯವನು ಎರಡು ಕೇರಿಯಲ್ಲಿ ಇಬ್ಬರು ಹೆಂಡಿರನ್ನು ಇಟ್ಟುಕೊಂಡು, ಇಬ್ಬರಿಂದಲೂ ಒದೆ ತಿಂದು ಚರ್ಚಿಗೆ ಸೇರಿದ್ದು. ಐದನೆಯವನು ಆರು ಕಾಡುಹಂದಿ ಹೊಡೆದು ತಲೆಗೆ ನೈದಿಲೆಯಂಥ ಬಿಳಿ ಲಿಲ್ಲಿ ಮುಡಿಯುವ ಹಕ್ಕು ಪಡೆದು, ಸ್ನಾನಕ್ಕೂ ಅದನ್ನು ತೆಗೆಯದಿದ್ದದ್ದು. ಒಂದೇ ಸಲಕ್ಕೆ ಏಳೂ ನಿಂತಿತು.

"ಏಳನೆಯವ್ರು ಮಾವ. ಪ್ರಾಯದಲ್ಲಿ ಅವ್ರು ಹೇಗಿದ್ರು ಅತ್ತೆ?" ಎಂದು ಕೇಳಿದ.

ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಹೇಗಿದ್ದರು, ಗೊರಕೆ ಹೊಡೆಯುತ್ತಿದ್ದರು ಎಂದೆ. ಆಮೇಲೆ ಇನ್ನೂ ಏನೇನೋ ಹೇಳಿದೆ. ಒಲೆಯ ಮೇಲಿನ ಕೆಸುವಿನ ಗೆಡ್ಡೆ ಸೀದು ಕರಕಲಾಗಿತ್ತು, ಎಲೆಂಗೆ ಬೈದಳು.

ಆಗಸ್ಟ್ 9, ಶನಿವಾರ

ಮೂರು ದಿನದಿಂದ ಗಾಳಿಮಳೆ. ರಸ್ತೆ ಕುಸಿದು ಅಂಗಡಿ ಮುಚ್ಚಿದೆ. ಬಿ.ಪಿ. ನೋಡಲು ಪುರುಸೊತ್ತಾಗಲಿಲ್ಲ.

ತಗಡು ಮರೆ ಮಾಡಿ ಆರನೆಯ ರೊಟ್ಟಿಗೆ ಬೆಂಕಿ ಹಾಕಿದೆವು. ಕಲ್ಲು ಕಾದ ವಾಸನೆ ಬಂತು, ಹಿಟ್ಟು ಇಡು ಎಂದೆ. ಅಳಿಯ ಆಫಾ ಇಡಲಿಲ್ಲ. ಇನ್ನೊಂದು ಸಲ ಹೇಳಿದೆ.

"ಅತ್ತೆ, ನೀವು ಮೂಸ್ತಿದೀರಿ, ನಾನು ನೋಡ್ತಿದೀನಿ. ಕಲ್ಲಿನ್ನೂ ಕಪ್ಪಗೇ ಇದೆ. ಬೂದಿ ಬಣ್ಣಕ್ಕೆ ಬರ್ಲಿ, ತಡೀರಿ."

ಮೂರು ವರ್ಷದಲ್ಲಿ ಮೊದಲ ಸಲ ಎದುರುತ್ತರ ಕೊಟ್ಟ. ಬೈಯಲು ಬಾಯಿ ತೆರೆದೆ, ಹಂದಿ ನನ್ನನ್ನೇ ನೋಡುತ್ತಿತ್ತು, ಮುಚ್ಚಿಕೊಂಡೆ. ತಡೆದೆ. ಅರ್ಧ ಗಂಟೆಯಾದಮೇಲೆ ಆ ವಾಸನೆ ಬಂತು. ಅದೇ ವಾಸನೆ. ಎದ್ದು ಹೋಗಲು ಮನಸ್ಸಾಗಲಿಲ್ಲ. ಗಂಡ ಇಳಿದು ಬರುತ್ತಾನೇನೋ ಅನ್ನಿಸಿತು. ಅತ್ತೆ, ಅಳ್ತಿದೀರಾ ಎಂದು ಆಚೆಯಿಂದ ಕೇಳಿದ್ದಕ್ಕೆ, ಹೊಗೆ ಕಣೋ ಎಂದೆ. ಹೊಗೆ ಆ ಕಡೆಗೆ ಹೋಗುತ್ತಿತ್ತು.

ಹಂದಿ ಪೂರ್ತಿ ತಿಂದಿತು.

ಆಗಸ್ಟ್ 12, ಮಂಗಳವಾರ

ಪಾಚಾಕೆ ಮತ್ತೆ ಬಂದಿದ್ದ. ಪೆಟ್ರೋಲಿನ ಕಥೆ ಊರಿಗೆಲ್ಲ ಗೊತ್ತಾಗಿದೆ. ಕಲ್ಲಂಗಳಕ್ಕೆ ನೀರಿನ ಬಕೆಟ್ಟು ತರಬೇಕಾ ಅತ್ತಿಗೆ, ಇಲ್ಲಾ ಅಗ್ನಿಶಾಮಕದವರನ್ನೇ ಕರೆಯೋಣವಾ ಎಂದು ಹಲ್ಲು ಕಿರಿದ. ಹಂದಿ ಕೊಬ್ಬು ಮೆತ್ತಿ ಕೊಟ್ಟವನಿಗಿಂತ ತೊಳೆದವನೇ ವಾಸಿ, ಬೆನ್ನಿನ ಚರ್ಮ ಸುಲಿಸಿಕೊಂಡು ಹೊತ್ತು ತಂದವನು ನಮ್ಮ ಆಫಾ, ನಿನ್ನ ಮಗ ಅದನ್ನು ಒಂದು ಮೆಟ್ಟಿಲು ಹೊತ್ತು ತೋರಿಸಲಿ ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಕುಯಿ ಬಟ್ಟೆ ಒಣಗಿಸುವುದು ಬಿಟ್ಟು ಬೇಲಿಗೆ ಬಂದು ನಿಂತಳು.

ಅವನು ಹೋಗುವಾಗ ಹೇಳಿದ್ದು ಮಾತ್ರ ಚುಚ್ಚುತ್ತಿದೆ. "ನಂಗೂ ಅದು ಅಣ್ಣನ ಮನೆ ಅತ್ತಿಗೆ. ಸ್ಕೂಟರ್ ಅಂಗಡಿ ಆಗೋದು ಬೇಡ ಅಂತ ಅಷ್ಟೇ."

ಹಂದಿಮಾಂಸದ ಒಳ್ಳೆಯ ತುಂಡೊಂದನ್ನು ಎಲೆಂಗೆಯ ಕಣ್ಣು ತಪ್ಪಿಸಿ ಮೇಲಿನ ಗೂಡಿನಲ್ಲಿ ಮುಚ್ಚಿಟ್ಟಿದ್ದೇನೆ. ಆಫಾ ಬರುವುದು ತಡವಾಗುತ್ತದೆ, ಹಸಿದಿರುತ್ತಾನೆ.

ಆಗಸ್ಟ್ 14, ಗುರುವಾರ

ನವಣೆ ಕುಟ್ಟಿಯಾಯಿತು. ಹಬ್ಬಕ್ಕೆ ಎಲೆಯಲ್ಲಿ ಸುತ್ತಿದ ಕಡುಬು ಬೆಂದಿದೆ. ಲೆಗೆಯಾಯನ ಕಸೂತಿ ಅಂಗಿ ಆಫಾನಿಗೆ ಒಂದು ಗೇಣು ಕಡಿಮೆ ಬಿತ್ತು, ಎಲೆಂಗೆ ನನ್ನ ಹಳೆಯ ಲಂಗ ಕತ್ತರಿಸಿ ಎರಡೂ ಬದಿಗೆ ತುಂಡು ಸೇರಿಸಿದಳು. ಸುಟ್ಟ ಹುಬ್ಬನ್ನು ಪೆನ್ಸಿಲಿನಲ್ಲಿ ಬರೆಯುತ್ತಾಳಂತೆ.

ನನಗೆ ಹೆದರಿಕೆಯಾಗುತ್ತಿದೆ. ನಾಲ್ಕು ವಾರದಿಂದ ಎಲ್ಲರನ್ನೂ ಬೈಯುವುದರಲ್ಲಿ ಇದು ಗೊತ್ತಾಗಿರಲಿಲ್ಲ. ನಾಳೆ ನಮ್ಮ ಹೆಸರು ಕೂಗದಿದ್ದರೆ ನಾಡಿದ್ದು ನಾನು ಯಾವ ಮನೆಯವಳು?

ಆಗಸ್ಟ್ 15, ಶುಕ್ರವಾರ

ಅಕ್ಷರ ಹೇಗೆ ಬಂದರೂ ಸರಿ, ಇವತ್ತೇ ಬರೆಯಬೇಕು.

ಬೆಳಿಗ್ಗೆ ಹಿಟ್ಟನ್ನು ಗೋಡೆಯ ಮೇಲಿಟ್ಟು ಎಲ್ಲ ಹೆಂಗಸರ ಜೊತೆ ಕೆಳಗೆ ಬಂದು ನಿಂತೆ. ಮೇಲೆ ಗಂಡಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಯವರ ಹೆಸರು ಕೂಗಿದರು. ಆಫಾನ ಸರದಿ ಬಂದಾಗ ಎಲೆಂಗೆ ನನ್ನ ಮೊಣಕೈ ಹಿಡಿದಳು. ಅವನ ಗಂಟಲು ದಪ್ಪ, ಉಚ್ಚಾರ ಬಯಲಿನದು, ಆದರೆ ತಡವರಿಸಲಿಲ್ಲ. ಒಂದು, ಎರಡು, ಐದು, ಆರು. ಏಳನೆಯದನ್ನು ಕೂಗುವ ಮುಂಚೆ ನಿಲ್ಲಿಸಿದ. ಮರೆತ ಎಂದುಕೊಂಡೆ. ಮರೆತಿರಲಿಲ್ಲ, ಉಸಿರು ತೆಗೆದುಕೊಳ್ಳುತ್ತಿದ್ದ. ಲೆಗೆಯಾಯ್ ಎಂದು ಎಷ್ಟು ಗಟ್ಟಿಯಾಗಿ ಕೂಗಿದನೆಂದರೆ ಕಣಿವೆಯ ಆಚೆಯಿಂದ ಗಂಡನ ಹೆಸರು ತಿರುಗಿ ಬಂತು. ನಾನು ಎಲ್ಲರೆದುರಿಗೇ ಅತ್ತೆ. ಈ ಸಲ ಹೊಗೆಯೂ ಇರಲಿಲ್ಲ.

ಆಮೇಲೆ ಸೌದೆಯ ವಾಸನೆ, ಕಲ್ಲಿನ ವಾಸನೆ. ಎಲೆ ಬಾಡುವ ಹೊತ್ತಿಗೆ ಕುಯಿ ಮೂಗು ಮೇಲೆತ್ತಿದಳು. "ಯಾರೋ ಸ್ಕೂಟರ್ ಸ್ಟಾರ್ಟ್ ಮಾಡ್ದಂಗಿದೆ" ಎಂದಳು. ನನಗೂ ಬಂತು. ಸಣ್ಣಗೆ, ಆದರೆ ಪೆಟ್ರೋಲು. ರಸ್ತೆಯಲ್ಲಿ ಯಾವ ಗಾಡಿಯೂ ಇರಲಿಲ್ಲ. ಮೇಲೆ ಮಾತು ನಿಂತಿತು. ಆಮೇಲೆ ಪಾಚಾಕೆಯ ದನಿ, ಏನೆಂದು ತಿಳಿಯಲಿಲ್ಲ. ಆಮೇಲೆ ಗಂಡಸರೆಲ್ಲ ಒಟ್ಟಿಗೆ ನಕ್ಕರು. ಯಾಕೆ ನಗುತ್ತಾರೆ? ಯಾರನ್ನು ನೋಡಿ? ಗೋಡೆಗೆ ಒರಗಿ ನಿಂತೆ.

ರೊಟ್ಟಿ ಒಪ್ಪಿಗೆಯಾದ ಮನೆಗಳ ಹೆಸರನ್ನು ಲಾವಾಕಾವ್ ಅಜ್ಜ ಕೂಗಲು ಶುರುಮಾಡಿದ. ಒಂದು, ಎರಡು, ಮೂರು. ನಾಲ್ಕನೆಯದು ಕಾರಿಮಾಲಾನೆ.

ನಮ್ಮದು. ಮೇಲಿಂದ ಆಫಾ ಓ ಎಂದ.

ಕುಯಿ ಬೆನ್ನಿಗೆ ಗುದ್ದಿದಳು. ಇನ್ನೂ ನೋಯುತ್ತಿದೆ.

ಆಗಸ್ಟ್ 16, ಶನಿವಾರ

ಇವತ್ತು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಸುಮ್ಮನೆ ಕೇಳುವ ಹಾಗೆ ಕೇಳಿದೆ: ರೊಟ್ಟಿ ಹೇಗೆ ಬಂತೋ? ಆಫಾ ಪಾತ್ರೆ ನೋಡಿದ, ಗೋಡೆ ನೋಡಿದ. ಚೆನ್ನಾಗಿತ್ತು ಅತ್ತೆ ಎಂದ. ಹಸಿಯಿತ್ತೋ ಒಣಗಿತ್ತೋ? ಲಾವಾಕಾವ್ ಅಜ್ಜ ಹೇಳಿದಾಗ ಊರಿಗೆಲ್ಲ ತಿಳಿಯುತ್ತದಂತೆ. ಪೆಟ್ರೋಲ್ ವಾಸನೆ ನಮ್ಮ ಕಲ್ಲಿನದಾ? ಬಾಯಿ ಹೊಲಿದುಕೊಂಡ. ಗಂಡಸರು ಯಾಕೆ ನಕ್ಕರು? ಅದಕ್ಕೂ ಇಲ್ಲ.

"ಹೆಂಗಸ್ರಿಗೆ ಹೇಳೋ ಹಾಗಿಲ್ಲ ಅತ್ತೆ."

ಹಂದಿಯ ಮುಖ ನೋಡುತ್ತ ಎರಡು ವಾರ ಕಲಿಸಿದವಳು ನಾನು, ಆ ಕಲ್ಲಿನಿಂದ ನಿನ್ನ ಪೆಟ್ರೋಲು ಕಕ್ಕಿಸಿದವಳು ನಾನು ಎಂದು ಕೂಗಾಡಿದೆ. ಹೌದು ಅತ್ತೆ ಎಂದ. ಆದರೂ ಹೇಳಲಿಲ್ಲ. ಆಯ್ತು ಅತ್ತೆ ಎನ್ನುವವನು ಎಲ್ಲಿ ಹೋದನೋ. ಎಲೆಂಗೆಯಿಂದ ಕೇಳಿಸಿ ನೋಡಿದೆ, ಅವಳಿಗೂ ಹೇಳಿಲ್ಲ. ನಿನ್ನ ಗಂಡನೇನೇ ಅವನು ಎಂದರೆ, ನಿನ್ನ ಅಳಿಯ ಎಂದಳು.

ಕೊನೆಗೆ ಮಾನ ಬಿಟ್ಟು ಕೆಳಕೇರಿಗೆ ಹೋದೆ. ಪಾಚಾಕೆಯಾದರೂ ಹೊಟ್ಟೆಕಿಚ್ಚಿಗೆ ಕಕ್ಕುತ್ತಾನೆ, ರೊಟ್ಟಿಯಲ್ಲಿ ಏನು ಕೊರತೆಯಿತ್ತೆಂದು ಎರಡಕ್ಕೆ ನಾಲ್ಕು ಸೇರಿಸಿ ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಅಡಿಕೆ ಜಗಿಯುತ್ತ ನನ್ನನ್ನೇ ನೋಡಿದ.

"ಮೇಲಿನ ಮಾತು ಮೇಲೇ ಇರ್ಲಿ ಅತ್ತಿಗೆ. ನಮ್ಮ ಹುಡುಗನ್ನ ಯಾಕೆ ಪೀಡಿಸ್ತೀರಿ?"

ಯಾವಾಗಿನಿಂದ ಅವನ ಹುಡುಗನಾದ? ನೆಟ್ಟಗೆ ಮನೆಗೆ ಬಂದೆ. ನಲವತ್ತನಾಲ್ಕು ವರ್ಷ ಒಬ್ಬನ ಬಾಯಿ ಬಿಡಿಸಲು ಆಗಲಿಲ್ಲ, ಈಗ ಕೈಯಾರೆ ಇನ್ನೊಬ್ಬನನ್ನು ತಯಾರು ಮಾಡಿಕೊಂಡೆ. ಸಾಯುವವರೆಗೂ ನನಗೆ ಗೊತ್ತಾಗುವುದಿಲ್ಲ.

ಊಟಕ್ಕೆ ಕೂತಾಗಲೂ ಆಫಾ ತಲೆ ತಗ್ಗಿಸಿ ತಿನ್ನುತ್ತಿದ್ದ. ಸಿಟ್ಟು ತಡೆಯಲಾಗದೆ ಅವನ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದೆ.